ಅನ್ನದ ಕಾಲಂ ಇಲ್ಲದ ಲೆಕ್ಕ

ವಸಾಹತು ಕಾಲದ ಶಿಕ್ಷಣ ವರದಿಗಳ ಕೊನೆಯಲ್ಲಿ ಪುಟಗಟ್ಟಲೆ ಕೋಷ್ಟಕಗಳಿರುತ್ತವೆ. ಹೈಸ್ಕೂಲುಗಳ ಖರ್ಚನ್ನು ಯಾರು ಕೊಟ್ಟರು ಎಂಬುದಕ್ಕೆ ಅಲ್ಲಿ ಬೇರೆ ಬೇರೆ ಕಾಲಂಗಳಿವೆ: ಸರ್ಕಾರದ ಬೊಕ್ಕಸ, ಸ್ಥಳೀಯ ನಿಧಿ, ಪುರಸಭೆ, ಫೀಸು, ಇತರೆ ಮೂಲ. ರೂಪಾಯಿ, ಆಣೆ, ಪೈವರೆಗೆ ಲೆಕ್ಕ ಸರಿಹೋಗುತ್ತದೆ. ಆದರೆ ದೂರದ ತಾಲೂಕಿನಿಂದ ಬಂದು ಜಿಲ್ಲಾ ಕೇಂದ್ರದ ಹೈಸ್ಕೂಲಿಗೆ ಸೇರಿದ ಹುಡುಗ ರಾತ್ರಿ ಎಲ್ಲಿ ಮಲಗಿದ, ಮಧ್ಯಾಹ್ನ ಏನು ಉಂಡ ಎಂಬುದಕ್ಕೆ ಮಾತ್ರ ಯಾವ ಕಾಲಮ್ಮೂ ಇಲ್ಲ. ಹಳೆಯ ಮೈಸೂರಿನ ಹೈಸ್ಕೂಲುಗಳ ಇತಿಹಾಸವನ್ನು ಈ ಇಲ್ಲದ ಕಾಲಮ್ಮಿನಿಂದಲೇ ಓದಬೇಕು ಎಂದು ನನಗೆ ಅನ್ನಿಸುತ್ತದೆ. ಹಾಗೆ ಓದಲು ಪಾವಗಡದಷ್ಟು ತಕ್ಕ ಜಾಗ ಇನ್ನೊಂದಿಲ್ಲ.

ನಕ್ಷೆ ನೋಡಿದವರಿಗೆ ಕಾರಣ ತಿಳಿಯುತ್ತದೆ. ಪಾವಗಡ ತುಮಕೂರು ಜಿಲ್ಲೆಯ ತಾಲೂಕು, ಆದರೆ ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ. ಮೊದಲು ಅದು ಚಿತ್ರದುರ್ಗಕ್ಕೆ ಸೇರಿತ್ತು, 19ನೇ ಶತಮಾನದ ಕೊನೆಯ ಭಾಗದಲ್ಲಿ ತುಮಕೂರಿಗೆ ಬಂತು. ಪಡುವಣದ ಕಡೆ ಬಿಟ್ಟರೆ ಸುತ್ತಲೂ ಇವತ್ತಿನ ಆಂಧ್ರ, ಅಂದಿನ ಮದರಾಸು ಪ್ರಾಂತ್ಯ. ಮಧುಗಿರಿಯ ಮೇಲೆ ತುಮಕೂರಿಗೆ ಹೋಗುವ ದಾರಿ ಮಡಕಶಿರಾ ಸೀಮೆಯನ್ನು ಹಾದೇ ಹೋಗಬೇಕು. ಅಂದರೆ ಪಾವಗಡದ ಹುಡುಗ ತನ್ನದೇ ಜಿಲ್ಲೆಯ ಹೈಸ್ಕೂಲಿಗೆ ಹೋಗಲು ಮಹಾರಾಜರ ಸೀಮೆ ಬಿಟ್ಟು, ಬ್ರಿಟಿಷ್ ಸೀಮೆ ದಾಟಿ, ಮತ್ತೆ ಮಹಾರಾಜರ ಸೀಮೆಗೆ ಬರಬೇಕಿತ್ತು. ಸುಮಾರು ನೂರು ಕಿಲೋಮೀಟರ್. ಎತ್ತಿನ ಗಾಡಿಯಲ್ಲಿ ಮೂರು ನಾಲ್ಕು ದಿನ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲೇ ರೈಲು ಬಂತು. ಪಾವಗಡದ ರೈಲಿನ ಮಾತು ಇವತ್ತಿಗೂ ಮುಗಿದಿಲ್ಲ, ಅದು ಬೇರೆ ಕಥೆ.

ಇಷ್ಟು ದೂರ ಯಾಕೆ ಹೋಗಬೇಕಿತ್ತು ಎಂಬುದಕ್ಕೆ ಉತ್ತರ ಹಣ ಹಂಚಿದ ರೀತಿಯಲ್ಲಿದೆ. ಮೈಸೂರು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1854ರ ವುಡ್ ನಿರೂಪದ ನಂತರ ಇಲ್ಲಿಯೂ ಶಿಕ್ಷಣ ಇಲಾಖೆ ಹುಟ್ಟಿತು. 1858ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಹೈಸ್ಕೂಲು ಶುರುವಾಯಿತು, ಅದೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ಹಳ್ಳಿಗಳ ಕಡೆ ಕಣ್ಣು ಹಾಯಿಸಿದ್ದು ಹತ್ತು ವರ್ಷ ತಡವಾಗಿ. ಶಾಸನಗಳ ಬಿ.ಎಲ್. ರೈಸ್ ಎಂದು ನಾವೆಲ್ಲ ಬಲ್ಲ ಅದೇ ರೈಸ್, 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದರು. ಹೋಬಳಿಗೊಂದು ಶಾಲೆ, ಕಟ್ಟಡ ಊರಿನವರದು, ಊರಿನ ಹಳೆಯ ಮಠದಯ್ಯನನ್ನೇ ತರಬೇತಿಗೆ ಕಳಿಸಿ ಮೇಷ್ಟ್ರನ್ನಾಗಿ ಮಾಡುವುದು. ಇದಕ್ಕೆ ಹಣ ಬಂದದ್ದು ರೈತ ಕಂದಾಯದ ಜೊತೆ ಕಟ್ಟುತ್ತಿದ್ದ ಸೆಸ್ಸಿನಿಂದ. ಈ ಲೆಕ್ಕದಲ್ಲಿ ನಾಗಲಮಡಿಕೆಯ ರೈತನ ಕಾಸು ಅವನ ಹೋಬಳಿಗೆ ಅಷ್ಟೋ ಇಷ್ಟೋ ಮರಳಿ ಬರುತ್ತಿತ್ತು. ಹೈಸ್ಕೂಲಿನ ಮಾತು ಹಾಗಲ್ಲ. ಅದು ನಡೆಯುತ್ತಿದ್ದದ್ದು ರಾಜ್ಯದ ಸಾಮಾನ್ಯ ಬೊಕ್ಕಸದಿಂದ ಮತ್ತು ಫೀಸಿನಿಂದ. ಆ ಬೊಕ್ಕಸಕ್ಕೆ ಕಂದಾಯ ಎಲ್ಲ ತಾಲೂಕುಗಳದು, ಹೈಸ್ಕೂಲು ಮಾತ್ರ ದೊಡ್ಡ ಊರುಗಳದು.

ಬೊಕ್ಕಸವಾದರೂ ತುಂಬಿತ್ತೇ? 1876–78ರ ಬರ ಈ ಸೀಮೆಯನ್ನು ಒಣಗಿಸಿಹಾಕಿತು. 1871ರಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ರಾಜ್ಯವನ್ನು ಒಡೆಯರಿಗೆ ಮರಳಿ ಕೊಡುವಾಗ ಬ್ರಿಟಿಷರು ಬರದ ಸಾಲ 80 ಲಕ್ಷವನ್ನೂ ಜೊತೆಗೆ ಕೊಟ್ಟರು. ಅದರ ಮೇಲೆ ಪೊಗದಿ. ವರ್ಷಕ್ಕೆ 24.5 ಲಕ್ಷ ಇದ್ದದ್ದನ್ನು 35 ಲಕ್ಷಕ್ಕೆ ಏರಿಸಲಾಯಿತು. ಕಷ್ಟ ನೋಡಿ ಏರಿಕೆಯನ್ನು ಮುಂದೂಡಿದರೂ 1896ರಿಂದ ಪೂರ್ತಿ ಕಟ್ಟಬೇಕಾಯಿತು. ಇಳಿಸಿದ್ದು 1928ರಲ್ಲಿ. ದಿವಾನರುಗಳು ಶಾಲೆಗೆ ಯಾಕೆ ಇನ್ನಷ್ಟು ಕೊಡಲಿಲ್ಲ ಎಂದು ಕೇಳುವವರು ಈ ಅಂಕಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಇದೇ ಹೊತ್ತಿಗೆ, 1882ರಲ್ಲಿ, ಹಂಟರ್ ಆಯೋಗ ಕೂತಿತು. ಅದರ ಕಾರ್ಯದರ್ಶಿ ನಮ್ಮ ರೈಸ್ ಅವರೇ. ಸಾರ್ವಜನಿಕ ಹಣ ಮೊದಲು ಪ್ರಾಥಮಿಕ ಶಿಕ್ಷಣಕ್ಕೆ ಸಲ್ಲಬೇಕು. ಹೈಸ್ಕೂಲುಗಳನ್ನು ಅನುದಾನ ಪಡೆಯುವ ಖಾಸಗಿ ಸಂಸ್ಥೆಗಳಿಗೆ ಬಿಟ್ಟು ಸರ್ಕಾರ ಮೆಲ್ಲಗೆ ಹಿಂದೆ ಸರಿಯಬೇಕು ಎಂಬುದು ಅದರ ನಿಲುವು. ಕಾಗದದ ಮೇಲೆ ನ್ಯಾಯವಾದ ಮಾತು. ಆದರೆ ಖಾಸಗಿಯವರು ಯಾರು? ಹಣವಂತರು, ಮಿಷನರಿಗಳು, ಜಾತಿ ಸಂಘಗಳು. ಮೈಸೂರಿನಲ್ಲಿ ಗುರಿಕಾರ ಮರಿಮಲ್ಲಪ್ಪನವರ ದತ್ತಿಯಿಂದ ಶಾಲೆಯೊಂದು ನಡೆಯಿತು, ಎಂ. ವೆಂಕಟಕೃಷ್ಣಯ್ಯನವರಂಥ ಹೆಡ್‌ಮಾಸ್ಟರು ಅದಕ್ಕೆ ಸಿಕ್ಕರು. ಪಾವಗಡಕ್ಕೆ ಅಂಥ ದತ್ತಿ ಬಿಡುವ ಗುರಿಕಾರರು ಎಲ್ಲಿಂದ ಬರಬೇಕು?

ಕನ್ನಡಿಗರು ಆಗ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. ಹೈಸ್ಕೂಲಿನ ಹೆಸರು ಕೇಳಿದರೇ ಯಾವ ಸೀಮೆ ಎಂದು ಊಹಿಸಬಹುದಿತ್ತು. ಮದರಾಸು ಸೀಮೆಯಲ್ಲಿ ‘ಬೋರ್ಡ್ ಹೈಸ್ಕೂಲು’: 1884ರ ಸ್ಥಳೀಯ ಮಂಡಳಿ ಕಾಯ್ದೆಯ ಪ್ರಕಾರ ಭೂಮಿಯ ಸೆಸ್ ಎತ್ತುತ್ತಿದ್ದ ಬೋರ್ಡುಗಳು ಹೈಸ್ಕೂಲನ್ನೂ ನಡೆಸುತ್ತಿದ್ದವು. ಅದೇ ಪ್ರಾಂತ್ಯದ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲು ಕಟ್ಟಿದರು. ಮುಂಬಯಿ ಕರ್ನಾಟಕದಲ್ಲಿ ‘ಸೊಸೈಟಿ’ಗಳದೇ ಸದ್ದು, 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಎಲ್ಲರಿಗೂ ಗೊತ್ತು. ಮೈಸೂರಿನಲ್ಲಿ ಮಾತ್ರ ಹೈಸ್ಕೂಲು ಎಂದರೆ ಬಹುಮಟ್ಟಿಗೆ ‘ಗೌರ್ಮೆಂಟ್ ಹೈಸ್ಕೂಲು’. ಹಂಟರ್ ಹೇಳಿದಂತೆ ಮೈಸೂರು ಪೂರ್ತಿ ಹಿಂದೆ ಸರಿಯಲಿಲ್ಲ. ಇದು ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ಆದರೆ ತೀರ್ಮಾನವೆಲ್ಲ ಬೆಂಗಳೂರಿನಲ್ಲಿ ಆಗುತ್ತಿತ್ತು. ಬೋರ್ಡಿನ ಮೆಂಬರನ ಮನೆ ಮುಂದೆ ಹೋಗಿ ನಮಗೂ ಒಂದು ಹೈಸ್ಕೂಲು ಕೊಡಿ ಎಂದು ಕೂರುವ ಅವಕಾಶ ಮಡಕಶಿರಾದವನಿಗೆ ಇದ್ದಷ್ಟು ಪಾವಗಡದವನಿಗೆ ಇರಲಿಲ್ಲ.

ಈಗ ಊಟದ ವಿಷಯಕ್ಕೆ ಬರೋಣ. ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣದ ಫೀಸು 1908ರ ಹೊತ್ತಿಗೆ ಹೋಯಿತು. ಹೈಸ್ಕೂಲಿನ ಫೀಸು ಉಳಿಯಿತು. ಫೀಸನ್ನಾದರೂ ಸಾಲ ಮಾಡಿ ಕಟ್ಟಬಹುದು. ವರ್ಷಗಟ್ಟಲೆ ದಿನಕ್ಕೆರಡು ಹೊತ್ತಿನ ಊಟವನ್ನು ಸಾಲ ಮಾಡಿ ಉಣ್ಣಲಾಗದು. ಇದಕ್ಕೆ ಸಮಾಜ ಕಂಡುಕೊಂಡ ದಾರಿ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳು ಮನೆ ಗೊತ್ತು ಮಾಡಿಕೊಂಡರೆ ವರ್ಷ ಕಳೆಯಿತು. ಆರೇ ಸಿಕ್ಕರೆ ವಾರಕ್ಕೊಂದು ಉಪವಾಸ. ಯಾವುದೋ ಮನೆಯಲ್ಲಿ ಸೂತಕ ಬಂದರೆ ಆ ದಿನ ಹುಡುಗನಿಗೂ ಸೂತಕವೇ. ಅನ್ನ ಹಾಕಿದ ಆ ಮನೆಗಳ ಗೃಹಿಣಿಯರೇ ಹೈಸ್ಕೂಲುಗಳ ನಿಜವಾದ ಅನುದಾನದಾರರು. ಅವರ ಹೆಸರು ‘ಇತರೆ ಮೂಲ’ದ ಕಾಲಮ್ಮಿನಲ್ಲಿಯೂ ಇಲ್ಲ.

ವಾರಾನ್ನದ ಬಗ್ಗೆ ನಮ್ಮ ಆತ್ಮಕಥೆಗಳಲ್ಲಿ ಕೃತಜ್ಞತೆಯ ಮಾತುಗಳು ಬಹಳ. ಕೃತಜ್ಞತೆ ಸರಿಯೇ. ಆದರೆ ವಾರಾನ್ನ ಬಹುಪಾಲು ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣ ಮನೆಗಳಲ್ಲಿ ಸಿಗುತ್ತಿದ್ದ ಅನ್ನ. ಪಂಕ್ತಿಯಲ್ಲಿ ಕೂರಲು ಅವಕಾಶವಿಲ್ಲದವನಿಗೆ ಏಳು ಮನೆಯ ಬಾಗಿಲೂ ಒಂದೇ. 1910ರ ದಶಕದಲ್ಲಿ ಸರ್ಕಾರಿ ಶಾಲೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕು ಎಂಬ ಆದೇಶಗಳು ಬಂದವು. ಶಾಲೆಯ ಬಾಗಿಲು ತೆರೆಯಲು ಆದೇಶ ಸಾಕು, ಅಡುಗೆಮನೆಯ ಬಾಗಿಲಿಗೆ ಆದೇಶ ಹೊರಡಿಸುವವರು ಯಾರು? ಸರ್ಕಾರಿ ಹೈಸ್ಕೂಲು ಎಲ್ಲರ ಹಣದಿಂದ ನಡೆಯುತ್ತಿತ್ತು, ಆದರೆ ಅದರೊಳಗೆ ಕೂತು ಪಾಠ ಕೇಳುವ ಶಕ್ತಿ ಜಾತಿಯ ಅನ್ನದಿಂದ ಬರುತ್ತಿತ್ತು. ಹೆಣ್ಣುಮಕ್ಕಳ ಮಾತಂತೂ ಎತ್ತುವ ಹಾಗೇ ಇಲ್ಲ. ಪರಊರಿನಲ್ಲಿ ದಿನಕ್ಕೊಂದು ಮನೆಯಲ್ಲಿ ಉಂಡು ಓದಲು ಪಾವಗಡದ ಯಾವ ತಂದೆ ಮಗಳನ್ನು ಕಳಿಸಿಯಾನು?

ದೊಡ್ಡವರ ಬಾಲ್ಯವೂ ಈ ಲೆಕ್ಕದಿಂದ ಹೊರತಲ್ಲ. ಮುದ್ದೇನಹಳ್ಳಿಯಿಂದ ಬೆಂಗಳೂರಿಗೆ ಬಂದ ವಿಶ್ವೇಶ್ವರಯ್ಯ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಓದಿದವರು. ಅವರೇ ದಿವಾನರಾದಾಗ ಆರು ವರ್ಷಗಳಲ್ಲಿ ರಾಜ್ಯದ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ ಏರಿದವು. ಮುಳಬಾಗಿಲಿನ ಡಿ.ವಿ.ಜಿ. ಹೈಸ್ಕೂಲಿಗಾಗಿ ಮೈಸೂರಿಗೆ ಹೋಗಿ, ಅಲ್ಲಿ ನಿಲ್ಲಲಾಗದೆ ಕೋಲಾರಕ್ಕೆ ಬಂದು, ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಅವರು ಡಿ.ವಿ.ಜಿ. ಆದದ್ದು ನಮ್ಮ ಪುಣ್ಯ. ಹಾಗೆ ತಾಲೂಕು ಊರುಗಳಿಗೆ ಮರಳಿ ಶಾನುಭೋಗರ ಕೈಕೆಳಗೆ ಲೆಕ್ಕ ಬರೆದವರ ಹೆಸರು ನಮಗೆ ಬೇಕಾಗಿಲ್ಲ.

ಬ್ರಾಹ್ಮಣೇತರರು ಇದಕ್ಕೆ ಕಂಡುಕೊಂಡ ಉತ್ತರ ಮಠ ಮತ್ತು ಹಾಸ್ಟೆಲು. 1905ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಇವು ಮೊದಲು ಕೇಳಿದ್ದು ನೌಕರಿಯನ್ನು ಎಂದು ಪುಸ್ತಕಗಳು ಹೇಳುತ್ತವೆ, ಆದರೆ ನಗರಕ್ಕೆ ಬಂದ ಹುಡುಗರಿಗೆ ಇವು ಕೊಟ್ಟ ದೊಡ್ಡ ಉಪಕಾರ ಒಂದು ಸೂರು, ಒಂದು ತಟ್ಟೆ. ತುಮಕೂರಿನ ಪಕ್ಕದ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು. ಮಠದಲ್ಲಿ ಉಂಡು ತುಮಕೂರಿನ ಸರ್ಕಾರಿ ಶಾಲೆಗೆ ನಡೆದು ಹೋಗುವ ಹುಡುಗರೂ ಅಲ್ಲಿದ್ದರು. ಅಂಥವರಲ್ಲಿ ಮಾಗಡಿಯ ವೀರಾಪುರದ ಹುಡುಗನೊಬ್ಬ. ತಾಯಿ ಇಲ್ಲದ ಆತ ನಾಗವಲ್ಲಿಯಲ್ಲಿ ಅಕ್ಕನ ಮನೆಯಲ್ಲಿದ್ದು ಓದಿ, ತುಮಕೂರಿನ ಹೈಸ್ಕೂಲಿಗೆ ಬಂದು, ಕೆಲಕಾಲ ಮಠದ ಅನ್ನ ಉಂಡು, 1926ರಲ್ಲಿ ಮೆಟ್ರಿಕ್ಯುಲೇಷನ್ ಪಾಸು ಮಾಡಿದ. ಮುಂದೆ ಶಿವಕುಮಾರ ಸ್ವಾಮಿಗಳಾಗಿ ಅದೇ ಮಠದಲ್ಲಿ ಸಾವಿರಾರು ಮಕ್ಕಳಿಗೆ, ಜಾತಿ ಕೇಳದೆ, ಅನ್ನ ಮತ್ತು ಅಕ್ಷರವನ್ನು ಒಟ್ಟಿಗೆ ಕೊಟ್ಟರು.

ಸರ್ಕಾರ ಏನೂ ಮಾಡಲಿಲ್ಲ ಎನ್ನಲಾಗದು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು, ಹಿಂದುಳಿದವರಿಗೆ ವಿದ್ಯಾರ್ಥಿವೇತನದ ಮಾತು ಬಂತು. ಆದರೆ ವಿದ್ಯಾರ್ಥಿವೇತನ ಸಿಗುವುದು ಹೈಸ್ಕೂಲಿನ ಹಾಜರಿ ಪಟ್ಟಿಯಲ್ಲಿ ಹೆಸರಿದ್ದವನಿಗೆ. ವೈ.ಎನ್. ಹೊಸಕೋಟೆಯ ಮಗ್ಗದ ಮನೆಯ ಹುಡುಗನ ಹೆಸರು ಆ ಪಟ್ಟಿಗೆ ಹತ್ತಬೇಕಾದರೆ ಮೊದಲು ಅವನು ತುಮಕೂರಿನಲ್ಲಿ ಉಳಿಯಬೇಕು. ಬಡ ಮಕ್ಕಳ ಅಕ್ಕಿ, ರಾಗಿ, ಸೌದೆಯ ಖರ್ಚನ್ನು ಸರ್ಕಾರ ದೊಡ್ಡ ಪ್ರಮಾಣದಲ್ಲಿ ತನ್ನ ಲೆಕ್ಕಕ್ಕೆ ಹಾಕಿಕೊಂಡು, ಹಿಂದುಳಿದ ವರ್ಗಗಳ ಹಾಸ್ಟೆಲುಗಳನ್ನು ಸಣ್ಣ ಊರುಗಳವರೆಗೆ ಹಬ್ಬಿಸಿದ್ದು ದೇವರಾಜ ಅರಸರ ಕಾಲದಲ್ಲಿ, 1970ರ ದಶಕದಲ್ಲಿ. ಹೋಬಳಿ ಶಾಲೆ ತೆರೆದು ಆಗಲೇ ನೂರು ವರ್ಷ ದಾಟಿತ್ತು.