ಫಜಿ ಲಾಜಿಕ್: ಯಂತ್ರಕ್ಕೆ ‘ಸ್ವಲ್ಪ’ ಎಂಬುದನ್ನು ಕಲಿಸಿದ ಗಣಿತ

ಕಂಪ್ಯೂಟರಿನ ಮೂಲ ತರ್ಕಕ್ಕೆ ಎರಡೇ ಉತ್ತರ ಗೊತ್ತು: ಹೌದು ಅಥವಾ ಅಲ್ಲ. 30 ಡಿಗ್ರಿ ದಾಟಿದರೆ ಸೆಕೆ ಎಂದು ಅದಕ್ಕೆ ಹೇಳಿಕೊಟ್ಟರೆ 29.9ರಲ್ಲಿ ಸೆಕೆಯೇ ಇಲ್ಲ, 30.1ರಲ್ಲಿ ಪೂರ್ತಿ ಸೆಕೆ. ನಮ್ಮ ಮೈಗೆ ಅಂಥ ಗೆರೆ ತಿಳಿಯದು. ಸೆಕೆ, ಎತ್ತರ, ಹತ್ತಿರ ಮುಂತಾದ ಗಡಿಯಿಲ್ಲದ ಮಾತುಗಳನ್ನು ಲೆಕ್ಕಕ್ಕೆ ಒಗ್ಗಿಸುವ ವಿಧಾನವೇ ಫಜಿ ಲಾಜಿಕ್ ಅಥವಾ ಅಸ್ಪಷ್ಟ ತರ್ಕ.

ಹುಟ್ಟು

ಸತ್ಯ–ಸುಳ್ಳುಗಳ ಜೊತೆಗೆ ಮೂರನೆಯ ಬೆಲೆಯೊಂದಕ್ಕೆ ಜಾಗ ಕೊಡುವ ತರ್ಕವನ್ನು ಪೋಲೆಂಡಿನ ಯಾನ್ ಲುಕಾಸಿಯೆವಿಚ್ 1920ರಲ್ಲೇ ಮಂಡಿಸಿದ್ದರು. ಆದರೆ ಎಂಜಿನಿಯರುಗಳ ಕೈಗೆ ಉಪಕರಣವಾಗಿ ಸಿಕ್ಕಿದ್ದು ಲೋತ್ಫಿ ಜಾದೆ ಅವರಿಂದ. 1921ರಲ್ಲಿ ಬಾಕುವಿನಲ್ಲಿ ಹುಟ್ಟಿ, ಟೆಹರಾನಿನಲ್ಲಿ ಓದಿ, ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾದ ಅವರು 1965ರಲ್ಲಿ ‘ಫಜಿ ಸೆಟ್ಸ್’ ಎಂಬ ಪ್ರಬಂಧ ಪ್ರಕಟಿಸಿದರು. ಅಲ್ಲಿಯ ಹೊಸತು ಇಷ್ಟು: ಒಂದು ವಸ್ತು ಒಂದು ಗಣಕ್ಕೆ ಸೇರಿದೆಯೋ ಇಲ್ಲವೋ ಎಂದು ಕೇಳುವ ಬದಲು, ಎಷ್ಟರ ಮಟ್ಟಿಗೆ ಸೇರಿದೆ ಎಂದು ಕೇಳಬೇಕು. ಉತ್ತರ 0ಯಿಂದ 1ರ ನಡುವಿನ ಯಾವ ಸಂಖ್ಯೆಯಾದರೂ ಆಗಬಹುದು.

ಸಂಭವನೀಯತೆಯೇ ಬೇರೆ

ಇಲ್ಲಿಯೇ ಹೆಚ್ಚಿನವರು ಎಡವುವುದು. ನಾಳೆ ಮಳೆ ಬರುವ ಸಂಭವನೀಯತೆ 0.7 ಎಂದರೆ ನಮಗೆ ನಾಳೆಯ ಸಂಗತಿ ತಿಳಿದಿಲ್ಲ ಎಂದರ್ಥ. ನಾಳೆ ಕಳೆದರೆ ಆ ಸಂದೇಹವೂ ಮುಗಿಯುತ್ತದೆ. ಈಗ ಸುರಿಯುತ್ತಿರುವುದು 0.7ರಷ್ಟು ‘ಜೋರು ಮಳೆ’ ಎಂದರೆ ತಿಳಿಯದ್ದು ಏನೂ ಉಳಿದಿಲ್ಲ. ಮಳೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದ ಮೇಲೂ ‘ಜೋರು’ ಎಂಬುದರ ಅಂಚು ಮಸುಕಾಗಿಯೇ ಇರುತ್ತದೆ. ಮೊದಲನೆಯದು ಅರಿವಿನ ಕೊರತೆ, ಎರಡನೆಯದು ಅರ್ಥದ ಸಡಿಲ. ಒಂದರ ಔಷಧವನ್ನು ಇನ್ನೊಂದಕ್ಕೆ ಕೊಟ್ಟರೆ ಲೆಕ್ಕ ಕೆಡುತ್ತದೆ.

ಕೆಲಸ ಮಾಡುವ ಬಗೆ

ಫ್ಯಾನಿನ ವೇಗ ನಿರ್ಧರಿಸುವ ಒಂದು ಸರಳ ನಿಯಂತ್ರಕವನ್ನು ತೆಗೆದುಕೊಳ್ಳೋಣ. 25 ಡಿಗ್ರಿಯಲ್ಲಿ ‘ಹಿತ’ದ ಬೆಲೆ 1, ಅದು ಇಳಿಯುತ್ತ ಹೋಗಿ 35ರಲ್ಲಿ 0 ಆಗುತ್ತದೆ. ‘ಸೆಕೆ’ ಇದಕ್ಕೆ ತಿರುವುಮುರುವು. ಕೋಣೆಯಲ್ಲಿ 28 ಡಿಗ್ರಿ ಇದ್ದರೆ ಹಿತ 0.7, ಸೆಕೆ 0.3. ನಿಯಮಗಳು ಎರಡು: ಹಿತವಾಗಿದ್ದರೆ ನಿಮಿಷಕ್ಕೆ 200 ಸುತ್ತು, ಸೆಕೆಯಾಗಿದ್ದರೆ 350 ಸುತ್ತು. ಎರಡೂ ತಮ್ಮ ತಮ್ಮ ಬಲಕ್ಕೆ ತಕ್ಕಂತೆ ಒಟ್ಟಿಗೇ ಅನ್ವಯವಾಗುತ್ತವೆ. 200ರ 0.7 ಪಾಲು 140, 350ರ 0.3 ಪಾಲು 105. ಫ್ಯಾನು 245 ಸುತ್ತಿನಲ್ಲಿ ತಿರುಗುತ್ತದೆ. ಉಷ್ಣತೆ ಏರಿದಂತೆ ವೇಗವೂ ನಯವಾಗಿ ಏರುತ್ತದೆ, ಎಲ್ಲಿಯೂ ಜಿಗಿತವಿಲ್ಲ.

‘ಮತ್ತು’ ಎಂಬ ಜೋಡಣೆಗೆ ಸಾಮಾನ್ಯವಾಗಿ ಎರಡು ಬೆಲೆಗಳಲ್ಲಿ ಚಿಕ್ಕದನ್ನೂ ‘ಅಥವಾ’ಕ್ಕೆ ದೊಡ್ಡದನ್ನೂ ಆರಿಸುತ್ತಾರೆ. ‘ಅಲ್ಲ’ ಎನ್ನಲು 1ರಿಂದ ಕಳೆಯುತ್ತಾರೆ. ಹೀಗಾಗಿ ‘ಸೆಕೆ ಹೌದು, ಮತ್ತು ಸೆಕೆ ಅಲ್ಲ’ ಎಂಬ ಹೇಳಿಕೆಗೂ ಇಲ್ಲಿ 0.3ರಷ್ಟು ಸತ್ಯ ಇರಬಲ್ಲದು. ಶಾಸ್ತ್ರೀಯ ತರ್ಕ ಇದನ್ನು ಒಪ್ಪುವುದಿಲ್ಲ.

ಉಗಿಯಂತ್ರದಿಂದ ಸೆಂದೈ ಮೆಟ್ರೊವರೆಗೆ

ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಇಬ್ರಾಹಿಂ ಮಮ್ದಾನಿ ಮತ್ತು ಅವರ ವಿದ್ಯಾರ್ಥಿ ಅಸ್ಸಿಲಿಯನ್ 1970ರ ದಶಕದ ನಡುವಿನಲ್ಲಿ ಪುಟ್ಟ ಉಗಿಯಂತ್ರವೊಂದನ್ನು ಇಂಥ ನಿಯಮಗಳಿಂದ ನಡೆಸಿದರು. ಒತ್ತಡ ಎಷ್ಟು ತಪ್ಪಿದೆ, ವೇಗ ಎಷ್ಟು ತಪ್ಪಿದೆ ಎಂದು ನೋಡಿ ಬಾಯ್ಲರಿನ ಶಾಖವನ್ನೂ ಉಗಿಯ ದಾರಿಯನ್ನೂ ಹೊಂದಿಸುವ ಕೆಲಸ ಅದು. ನನಗೆ ಈ ಇತಿಹಾಸದಲ್ಲಿ ಅತಿ ಮುಖ್ಯವೆನಿಸುವ ಘಟ್ಟ ಇದೇ. ಅನುಭವಿ ಕೆಲಸಗಾರ ಬಾಯಿಮಾತಿನಲ್ಲಿ ಹೇಳುವ ತಿಳಿವಳಿಕೆಯನ್ನು ಸಮೀಕರಣವಾಗಿಸದೆ, ಹೆಚ್ಚುಕಡಿಮೆ ಅದೇ ರೂಪದಲ್ಲಿ ಯಂತ್ರಕ್ಕೆ ಒಪ್ಪಿಸಲು ಸಾಧ್ಯವಾಯಿತು.

ಜಪಾನ್ ಇದನ್ನು ಮನಸಾರೆ ಅಪ್ಪಿಕೊಂಡಿತು. 1987ರಲ್ಲಿ ಆರಂಭವಾದ ಸೆಂದೈ ನಗರದ ಸುರಂಗ ರೈಲಿಗೆ ಹಿಟಾಚಿ ಫಜಿ ನಿಯಂತ್ರಣ ಅಳವಡಿಸಿತು. ಪ್ರಯಾಣಿಕರಿಗೆ ಜೋಲಿ ಹೊಡೆಯದಂತೆ, ಸರಿಯಾದ ಜಾಗದಲ್ಲಿ, ವಿದ್ಯುತ್ತನ್ನೂ ಉಳಿಸಿ ರೈಲು ನಿಲ್ಲಿಸುವುದು ಗುರಿ. ಆಮೇಲೆ ವಾಷಿಂಗ್ ಮೆಷಿನ್, ಕ್ಯಾಮೆರಾ, ರೈಸ್ ಕುಕ್ಕರುಗಳೂ ಸಾಲಾಗಿ ಬಂದವು.

ಆಕ್ಷೇಪ ಮತ್ತು ಮಿತಿ

ನಿಯಂತ್ರಣ ಸಿದ್ಧಾಂತದ ದಿಗ್ಗಜ ರುಡಾಲ್ಫ್ ಕಾಲ್ಮನ್ ಜಾದೆಯವರ ವಿಚಾರವನ್ನು ಕಟುವಾಗಿ ವಿರೋಧಿಸಿದರು. ಸಂಭವನೀಯತೆ ಇರುವಾಗ ಇದೇಕೆ ಎಂದು ಕೇಳಿದವರೂ ಇದ್ದರು. ನಿಜವಾದ ತೊಡಕು ಬೇರೆಡೆ ಇದೆ. ಐದು ಅಳತೆಗಳಿದ್ದು ಪ್ರತಿಯೊಂದಕ್ಕೂ ಐದೈದು ಮಟ್ಟಗಳಿದ್ದರೆ ಬರೆಯಬೇಕಾದ ನಿಯಮಗಳು 3125ಕ್ಕೆ ಏರುತ್ತವೆ. ಸೆಕೆಯ ಗೆರೆ 25ರಿಂದಲೇ ಏಕೆ ಏರಬೇಕು ಎಂಬುದನ್ನೂ ಯಾರಾದರೂ ನಿರ್ಧರಿಸಬೇಕು. ದತ್ತಾಂಶದಿಂದಲೇ ಈ ಗೆರೆಗಳನ್ನು ಕಲಿಯಲು ನರಜಾಲಗಳನ್ನು ಫಜಿ ನಿಯಮಗಳ ಜೊತೆ ಬೆಸೆದ ‘ಅನ್‌ಫಿಸ್’ ಮಾದರಿಯನ್ನು ರೋಜರ್ ಜಾಂಗ್ 1993ರಲ್ಲಿ ಪ್ರಕಟಿಸಿದರು. ಚಿತ್ರ ಗುರುತಿಸುವಂಥ ಕೆಲಸಗಳಲ್ಲಿ ಇಂದು ಆಳವಾದ ನರಜಾಲಗಳದ್ದೇ ಮೇಲುಗೈ. ಅಳತೆಗಳು ಕೆಲವೇ ಇದ್ದು, ಯಂತ್ರ ಹೀಗೇಕೆ ಮಾಡಿತು ಎಂದು ನಿಯಮ ತೆರೆದು ಓದಬೇಕಾದ ಕಡೆ ಫಜಿ ನಿಯಂತ್ರಕಗಳು ಈಗಲೂ ಒಳ್ಳೆಯ ಆಯ್ಕೆ.