ಮೆಮೊರಿಗಾಗಿ ಕಾಯುವ ಕಂಪ್ಯೂಟರ್: ಕೊಲಾಬಾದಿಂದ ಪವಾಯಿವರೆಗೆ

"ಜಾಸ್ತಿ ಸ್ಪೀಡಿನ ರ‍್ಯಾಮ್ ಹಾಕಿಸಿದ್ರೆ ಕಂಪ್ಯೂಟರ್ ಫಾಸ್ಟ್ ಆಗುತ್ತಾ?" ಪವಾಯಿಯಲ್ಲಿ ಪಿಜಿ ಹಿಡಿದು ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಕಡೆಯ ಹುಡುಗರು ಲ್ಯಾಮಿಂಗ್ಟನ್ ರೋಡಿಗೆ ಹೊರಡುವ ಮುಂಚೆ ನನ್ನನ್ನು ಕೇಳೋ ಪ್ರಶ್ನೆ ಇದು. ಊರಿಗೆ ಕಳಿಸಿ, ಬಾಡಿಗೆ ಕಟ್ಟಿ ಉಳಿದ ದುಡ್ಡು ಅದು. ಸುಮ್ಮನೆ 'ಹೂಂ' ಅನ್ನೋಕಾಗಲ್ಲ. ಇದಕ್ಕೆ ಉತ್ತರ ಇದೇ ಮುಂಬೈಯ ಹಳೇ ಮಷೀನುಗಳಿಂದ ಶುರುವಾಗುತ್ತೆ.

ಕೊಲಾಬಾದ ಟಿಐಎಫ್‌ಆರ್‌ನಲ್ಲಿ ಆರ್. ನರಸಿಂಹನ್ ಅವರ ತಂಡ ಕಟ್ಟಿದ ಕಂಪ್ಯೂಟರ್ 1960ರಲ್ಲಿ ಕೆಲಸ ಶುರು ಮಾಡಿತು. 1962ರಲ್ಲಿ ನೆಹರೂ ಅದಕ್ಕೆ ಟಿಫ್ರ್ಯಾಕ್ ಅಂತ ಹೆಸರಿಟ್ಟರು. ಒಳಗೆ ಸುಮಾರು 2,700 ವಾಲ್ವ್‌ಗಳು. ಮೆಮೊರಿ ಅಂದರೆ ತಂತಿಗೆ ಪೋಣಿಸಿದ ಫೆರೈಟ್ ಉಂಗುರಗಳು, ಒಂದು ಬಿಟ್‌ಗೆ ಒಂದು ಉಂಗುರ. ಎಲ್ಲಾ ಸೇರಿಸಿದರೂ 10 ಕೆಬಿ ದಾಟದು. ವಾಟ್ಸಾಪ್‌ನ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಅದರಲ್ಲಿ ಹಿಡಿಸಲ್ಲ!

ಆದರೆ ವೇಗ ನೋಡಿ. ಆ ಮೆಮೊರಿಯಿಂದ ಒಂದು ಸಂಖ್ಯೆ ತರೋಕೆ 15 ಮೈಕ್ರೋಸೆಕೆಂಡ್. ಕೂಡುವುದಕ್ಕೆ, ತಂದಿಡೋ ಸಮಯವೂ ಸೇರಿ, 45. ಗುಣಾಕಾರಕ್ಕೆ 500. ಅಂದರೆ ಒಂದು ಗುಣಾಕಾರ ಮುಗಿಯೋದರೊಳಗೆ ಮೆಮೊರಿ ಮೂವತ್ತು ಸಲ ಓದಿ ಕೊಡಬಹುದಿತ್ತು. ಅಲ್ಲಿ ಕೈಕಟ್ಟಿ ಕಾಯುತ್ತಿದ್ದದ್ದು ಮೆಮೊರಿ.

1964ರಲ್ಲಿ ಟಿಐಎಫ್‌ಆರ್‌ಗೆ ಅಮೆರಿಕದ ಸಿಡಿಸಿ 3600 ಬಂತು. ಅದರ ಮೆಮೊರಿ 1.5 ಮೈಕ್ರೋಸೆಕೆಂಡಿನದು, ಟಿಫ್ರ್ಯಾಕ್‌ಗಿಂತ ಹತ್ತು ಪಟ್ಟು ಚುರುಕು. ಇತ್ತ ನಮ್ಮ ಪವಾಯಿ ಐಐಟಿಗೆ ಅದೇ ದಶಕದಲ್ಲಿ ಸೋವಿಯತ್ ಮಷೀನು ಬಂತು, ಮಿನ್ಸ್ಕ್-2. ಈ ಐಐಟಿ 1958ರಲ್ಲಿ ಶುರುವಾದದ್ದೇ ಯುನೆಸ್ಕೋ ಮೂಲಕ ಬಂದ ಸೋವಿಯತ್ ನೆರವಿನಿಂದ. ಮಿನ್ಸ್ಕ್‌ನಲ್ಲಿ 37 ಬಿಟ್‌ಗಳ 4,096 ಪದ ಮೆಮೊರಿ. ಸೆಕೆಂಡಿಗೆ ಐದಾರು ಸಾವಿರ ಲೆಕ್ಕ. ಒಂದೇ ಊರಿನ ಎರಡು ತುದಿಯಲ್ಲಿ ಅಮೆರಿಕ ಒಂದು, ರಷ್ಯಾ ಒಂದು. ಎರಡರೊಳಗೂ ಉಂಗುರವೇ.

ಉಂಗುರಕ್ಕೆ ಒಂದು ವಿಚಿತ್ರ ಗುಣ ಇತ್ತು. ಓದಿದರೆ ಅದರಲ್ಲಿದ್ದದ್ದು ಅಳಿಸಿಹೋಗುತ್ತೆ, ಮತ್ತೆ ಬರೆದಿಡಬೇಕು. 1966ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್‌ಗೆ ಹೊಳೆದ ಡಿ-ರ‍್ಯಾಮ್‌ನಲ್ಲೂ ಇದೇ ಕಥೆ. ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಓದಿದರೆ ಅದರ ಚಾರ್ಜ್ ಸೋರಿಹೋಗುತ್ತೆ, ವಾಪಸ್ ತುಂಬಬೇಕು. ಅಷ್ಟು ಸಣ್ಣ ಚಾರ್ಜನ್ನು ಉದ್ದ ತಂತಿಯ ಮೇಲೆ ಗುರುತಿಸೋಕೆ ಹೊತ್ತು ಬೇಕೇ ಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇವತ್ತಿಗೂ ಇರೋದು ಇದೇ.

ಈಗ ಅಂಗಡಿಯವನು ಹೇಳದ ಲೆಕ್ಕ. 2003ರ ಹೊತ್ತಿನ ಡಿಡಿಆರ್-400 ಸ್ಟಿಕ್ ಸೆಕೆಂಡಿಗೆ 3.2 ಜಿಬಿ ಸಾಗಿಸುತ್ತಿತ್ತು. ಡಿಡಿಆರ್4-3200 ಸಾಗಿಸೋದು 25.6 ಜಿಬಿ, ಎಂಟು ಪಟ್ಟು. ಆದರೆ ಕೇಳಿದ ಮೇಲೆ ಮೊದಲ ಅಕ್ಷರ ಹೊರಬರೋಕೆ ಸಿಎಲ್3 ಇದ್ದ ಹಳೇ ಸ್ಟಿಕ್‌ಗೆ 15 ನ್ಯಾನೋಸೆಕೆಂಡ್, ಸಿಎಲ್22ರ ಹೊಸದಕ್ಕೆ 13.75. ಅಷ್ಟೇ! ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ಗೆ ಎಷ್ಟು ಬೋಗಿ ಸೇರಿಸಿದರೂ ಉಡುಪಿ ಬೇಗ ಬರಲ್ಲ ಅಲ್ವಾ, ಹಾಗೆ. ಜನ ಜಾಸ್ತಿ ಹೋಗ್ತಾರೆ, ಹೊತ್ತು ಅಷ್ಟೇ ಹಿಡಿಯುತ್ತೆ.

ಈ ನಡುವೆ ಪ್ರೊಸೆಸರ್ ಓಡಿಬಿಟ್ಟಿತು. 4 ಗಿಗಾಹರ್ಟ್ಸ್‌ನಲ್ಲಿ ಒಂದು ಗುಣಾಕಾರಕ್ಕೆ ಮೂರ್ನಾಲ್ಕು ಟಿಕ್ ಸಾಕು. ರ‍್ಯಾಮ್‌ವರೆಗೆ ಹೋಗಿ ಬರೋಕೆ, ದಾರಿಯ ಖರ್ಚೆಲ್ಲ ಸೇರಿ, ಸುಮಾರು 80 ನ್ಯಾನೋಸೆಕೆಂಡ್, ಅಂದರೆ 300 ಟಿಕ್. ಟಿಫ್ರ್ಯಾಕ್ ತಲೆಕೆಳಗಾಯಿತು ನೋಡಿ. 1995ರಲ್ಲಿ ವುಲ್ಫ್ ಮತ್ತು ಮೆಕ್‌ಕೀ ಇದಕ್ಕೆ 'ಮೆಮೊರಿ ಗೋಡೆ' ಅಂತ ಹೆಸರು ಕೊಟ್ಟರು. ಗೋಡೆ ನಮಗೆ ದಿನಾ ಕಾಣದೇ ಇರೋದಕ್ಕೆ ಕಾರಣ ಕ್ಯಾಶ್. ಬೇಕಾದದ್ದನ್ನು ಪಕ್ಕದಲ್ಲೇ ಪುಟ್ಟ ವೇಗದ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಉಪಾಯ. 1965ರಲ್ಲೇ ಮಾರಿಸ್ ವಿಲ್ಕ್ಸ್ ಬರೆದದ್ದು.

ಹಾಗಾಗಿ ಪೆಟ್ಟಿಗೆ ಮೇಲಿನ ದೊಡ್ಡ ಮೆಗಾಹರ್ಟ್ಸ್‌ಗೆ ಎರಡು ಸಾವಿರ ಜಾಸ್ತಿ ಕೊಟ್ಟರೆ ಬ್ರೌಸರ್, ಎಕ್ಸೆಲ್, ಕೋಡ್ ಎಡಿಟರ್‌ನಲ್ಲಿ ವ್ಯತ್ಯಾಸ ಕಾಣೋದು ಕಷ್ಟ. ಹೆಚ್ಚಿನದನ್ನೆಲ್ಲ ಕ್ಯಾಶ್ ಮುಚ್ಚಿಹಾಕುತ್ತೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡುವವರಿಗೆ ಮಾತ್ರ ಬೋಗಿಗಳ ಸಂಖ್ಯೆ ಮುಖ್ಯ. ಅವರಿಗೂ ಒಂದು 16 ಜಿಬಿ ಸ್ಟಿಕ್‌ಗಿಂತ ಎರಡು 8 ಜಿಬಿ ಮೇಲು, ಯಾಕೆಂದರೆ ಹಳಿ ಎರಡಾಗುತ್ತೆ.

ನಿಜವಾಗಿ ಮಷೀನು ತೆವಳೋದು ರ‍್ಯಾಮ್ ತುಂಬಿದಾಗ. ಆಗ ಡೇಟಾ ಎಸ್‌ಎಸ್‌ಡಿಗೆ ಇಳಿಯುತ್ತೆ, ವಾಪಸ್ ತರೋಕೆ 50ರಿಂದ 100 ಮೈಕ್ರೋಸೆಕೆಂಡ್. ಕೊಲಾಬಾದ ಆ ಉಂಗುರಗಳಿಗಿಂತ ನಿಧಾನ! ಅಂಗಡಿಗೆ ಹೊರಡುವ ಮುಂಚೆ, ಕೆಲಸದ ಎಲ್ಲಾ ಆ್ಯಪ್ ತೆರೆದಿಟ್ಟು ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ನೋಡಿ. ಶೇ. 90 ದಾಟಿದ್ದರೆ ಮೆಗಾಹರ್ಟ್ಸ್ ಕೇಳಬೇಡಿ, ಜಿಬಿ ಕೇಳಿ. ಅದಕ್ಕೂ ಮುಂಚೆ ನಿಮ್ಮ ಮಾಡೆಲ್‌ನಲ್ಲಿ ರ‍್ಯಾಮ್ ಬೆಸುಗೆ ಹಾಕಿದ್ದಾರಾ, ಸ್ಲಾಟ್ ಇದೆಯಾ ಅಂತ ನೋಡ್ಕೊಳ್ಳಿ.