ಮಂಡಕಳ್ಳಿ ರನ್‌ವೇ ಉದ್ದ ಆಗಲಿ, ಆದರೆ ಅದರ ಕೆಳಗಿನ ನೆಲದ ಲೆಕ್ಕ ಮೊದಲು ಬರೆಯಿರಿ



ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ ಮಂಡಕಳ್ಳಿ ಹತ್ತಿರ ರಸ್ತೆ ಪಕ್ಕದಲ್ಲೇ ವಿಮಾನ ನಿಲ್ದಾಣ ಸಿಗುತ್ತೆ. ಬಸ್ಸಲ್ಲಿ ಕೂತವರು ಕೇಳೋದು ಒಂದೇ ಪ್ರಶ್ನೆ, "ಇಲ್ಲಿಂದ ಈಗ ವಿಮಾನ ಹೋಗ್ತಾ ಇದ್ಯಾ, ನಿಂತೋಯ್ತಾ?" ಈ ಪ್ರಶ್ನೆಗೆ ಎಂಬತ್ತು ವರ್ಷದಿಂದ ಒಂದು ಗಟ್ಟಿ ಉತ್ತರ ಸಿಕ್ಕಿಲ್ಲ. ಈಗ ಮತ್ತೆ ವಿಸ್ತರಣೆಯ ಮಾತು. 1,740 ಮೀಟರ್ ಇರುವ ರನ್‌ವೇಯನ್ನು 2,750 ಮೀಟರ್ ಮಾಡಬೇಕು, ಆಗ ಏರ್‌ಬಸ್, ಬೋಯಿಂಗ್ ಇಳಿಯುತ್ತೆ, ಮೈಸೂರಿನ ಹಣೆಬರಹ ಬದಲಾಗುತ್ತೆ ಅಂತ. ಬದಲಾಗಲಿ, ನಾವು ಬೇಡ ಅನ್ನಲ್ಲ. ಆದರೆ ಯಾರ ಹಣೆಬರಹ ಅನ್ನೋದನ್ನ ಕೇಳಬೇಕಲ್ಲ. ಅದಕ್ಕೆ ಈ ನಿಲ್ದಾಣದ ಚರಿತ್ರೆಯನ್ನ ಸ್ವಲ್ಪ ನೋಡೋಣ.

ಇದು ಕಟ್ಟಿದ್ದು 1940ರಲ್ಲಿ, ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡದ್ದೂ ಅದೇ ವರ್ಷ ಆಗಸ್ಟ್‌ನಲ್ಲಿ. ಬೆಂಗಳೂರಿನಲ್ಲಿ ಸಂಸ್ಥಾನದ ಬೆಂಬಲದಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾದದ್ದೂ ಅದೇ ವರ್ಷ ಡಿಸೆಂಬರ್‌ನಲ್ಲಿ. ನಾಲ್ವಡಿಯವರ ಬಗ್ಗೆ ನಮಗೆ ಗೌರವ ಇದೆ. 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ, ಸರ್ಕಾರಿ ಕೆಲಸ ಒಂದೇ ಜಾತಿಯ ಸ್ವತ್ತಲ್ಲ ಅಂತ ಹೇಳಿದ ಅರಸು ಅವರು. ಆದರೆ ವಿಮಾನ ಇಳಿಸೋಕೆ ಸಮತಟ್ಟು ಮಾಡಿದ ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರು ಯಾರು, ಅವರು ಆಮೇಲೆ ಎಲ್ಲಿಗೆ ಹೋದರು ಅನ್ನೋದು ಈ ನಿಲ್ದಾಣದ ಕಥೆ ಹೇಳುವ ಯಾರ ಬಾಯಲ್ಲೂ ಬರಲ್ಲ. ರಾಜನ ಹೆಸರು ಬರುತ್ತೆ, ವಿಮಾನದ ಹೆಸರು ಬರುತ್ತೆ, ಅಷ್ಟೇ.

ಸ್ವಾತಂತ್ರ್ಯದ ನಂತರ ನಿಲ್ದಾಣ ಕೇಂದ್ರದ ಕೈಗೆ ಹೋಯ್ತು. ಬೆಂಗಳೂರಿಗೆ ಡಕೋಟಾ ಹಾರಿದ ಕಾಲ ಇತ್ತು, ನಿಂತಿತು. ಎಂಬತ್ತರ ದಶಕದಲ್ಲಿ ವಾಯುದೂತ್ ಬಂತು, ಅದೂ ನಿಂತಿತು. 2010ರ ಮೇ ತಿಂಗಳಲ್ಲಿ ಹೊಸ ಟರ್ಮಿನಲ್ ಉದ್ಘಾಟನೆ ಆಯ್ತು. ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬಂತು, ಮುಂದಿನ ವರ್ಷವೇ ಹೋಯ್ತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಹೋಯ್ತು. 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ ಹಾರಿತು. 2019ರಲ್ಲಿ ಅಲಯನ್ಸ್ ಏರ್ ಬಂತು. ಒಂದೊಂದು ಸಲವೂ ಹೂವಿನ ಹಾರ, ನೀರಿನ ಫಿರಂಗಿ ಸ್ವಾಗತ, ಪೇಪರಲ್ಲಿ ಫೋಟೋ. ಹೋಗುವಾಗ ಮಾತ್ರ ಸದ್ದೇ ಇಲ್ಲ.

ಯಾಕೆ ಹೀಗೆ? 1,740 ಮೀಟರಲ್ಲಿ ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ತರದ ವಿಮಾನ ಮಾತ್ರ ಇಳಿಯುತ್ತೆ. ಒಂದು ಕಡೆ ನಂಜನಗೂಡು ಹೆದ್ದಾರಿ, ಚಾಮರಾಜನಗರದ ರೈಲು ಹಳಿ, ಇನ್ನೊಂದು ಕಡೆ ಊರು, ಹೊಲ. ಹೆದ್ದಾರಿಯನ್ನ ರನ್‌ವೇ ಕೆಳಗೆ ಸುರಂಗದ ತರ ಒಯ್ಯೋಣ ಅಂದರು, ಆಮೇಲೆ ಹೆದ್ದಾರಿಯನ್ನೇ ತಿರುಗಿಸೋಣ ಅಂದರು. ಇನ್ನೊಂದು ಕಾರಣ ಬೆಂಗಳೂರು. ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ ಒಂದು ಷರತ್ತಿದೆ: ಅದು ಶುರುವಾದ 2008ರಿಂದ 25 ವರ್ಷ, 150 ಕಿಲೋಮೀಟರ್ ಒಳಗೆ ಬೇರೆ ನಿಲ್ದಾಣ ಬೆಳೆಸುವ ಹಾಗಿಲ್ಲ. ಮೈಸೂರಿಗೂ ಹಾಸನಕ್ಕೂ ಇದರಿಂದ ವಿನಾಯಿತಿ ಕೊಟ್ಟಿದ್ದರು. ಅಂದರೆ ಮೈಸೂರಿಗೆ ಬಾಗಿಲು ತೆರೆದೇ ಇತ್ತು, ಒಳಗೆ ಹೋಗುವ ತಯಾರಿ ಯಾರೂ ಮಾಡಲಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆದ ಮೇಲೆ ಬೆಂಗಳೂರಿಗೆ ವಿಮಾನದಲ್ಲಿ ಹೋಗುವವರು ಇನ್ನೂ ಕಡಿಮೆ.

ಉಡಾನ್ ಲೆಕ್ಕವನ್ನೂ ತಿಳ್ಕೊಳ್ಳಿ. ಒಂದು ಗಂಟೆ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರ ಶುರುವಿನಲ್ಲಿ 2,500 ರೂಪಾಯಿಗೆ ಕಟ್ಟಿಹಾಕಿದರು. ಕಂಪನಿಗೆ ಆಗುವ ನಷ್ಟವನ್ನ ಮೂರು ವರ್ಷ ಸರ್ಕಾರ ತುಂಬಿಕೊಡುತ್ತೆ, ಅದರಲ್ಲಿ ಶೇ. 20 ರಾಜ್ಯದ ಪಾಲು. ವಿಸ್ತರಣೆಗೆ ಭೂಮಿಯನ್ನ ರಾಜ್ಯವೇ ಪುಕ್ಕಟೆ ಕೊಡಬೇಕು. ಪೊಲೀಸ್, ಅಗ್ನಿಶಾಮಕವೂ ರಾಜ್ಯದ್ದೇ. ಮೂರು ವರ್ಷ ಮುಗಿದು ಸಹಾಯಧನ ನಿಂತ ಮೇಲೆ ಏನಾಗುತ್ತೆ? 2023ರ ಸಿಎಜಿ ವರದಿ ನೋಡಿ. ಯೋಜನೆಯ ಮೊದಲ ಮೂರು ಹಂತದಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆಮೇಲೂ ಉಳಿದದ್ದು 54, ಅಂದರೆ ನೂರಕ್ಕೆ ಏಳು. ಇದನ್ನ ಮುಂದಾಲೋಚನೆ ಅಂತಾರಾ? ಮೂರು ವರ್ಷದ ಸಹಾಯಧನ ನೋಡಿ ಮೂವತ್ತು ವರ್ಷಕ್ಕೆ ಭೂಮಿ ತಗೊಳ್ಳೋದು ಇದು.

ಹಾರಾಟ ನಿಂತರೆ ಕಂಪನಿ ಬೇರೆ ಊರಿಗೆ ಹೋಗುತ್ತೆ. ಭೂಮಿ ಕೊಟ್ಟವನಿಗೆ ಆ ಭೂಮಿ ವಾಪಸ್ ಬರಲ್ಲ. ನಮ್ಮ ಪ್ರಶ್ನೆ ಇರೋದು ಇಲ್ಲೇ. ಈ ವಿಸ್ತರಣೆಗೆ ಇನ್ನೂರಕ್ಕೂ ಹೆಚ್ಚು ಎಕರೆ ಬೇಕು. ಪರಿಹಾರ ಸಿಗೋದು ಪಹಣಿಯಲ್ಲಿ ಹೆಸರಿದ್ದವನಿಗೆ. ಆ ಹೊಲದಲ್ಲಿ ನಾಟಿ, ಕಳೆ, ಕೊಯ್ಲು ಮಾಡಿ ಬದುಕಿದ ಕೂಲಿಯ ಹೆಣ್ಣುಮಗಳ ಹೆಸರು ಯಾವ ಪಹಣಿಯಲ್ಲಿದೆ? ನಮ್ಮವರಿಗೆ ಮಂಜೂರಾದ ಜಮೀನು ಸಾಲಕ್ಕೋ ಮದುವೆಗೋ ಮೋಸಕ್ಕೋ ಕೈಬಿಟ್ಟಿದ್ದರೆ, ದೇವರಾಜ ಅರಸು ಕಾಲದ 1978ರ ಪಿಟಿಸಿಎಲ್ ಕಾಯ್ದೆ ಅದನ್ನ ವಾಪಸ್ ಕೊಡಿಸಬಹುದು. ಆದರೆ ಭೂಸ್ವಾಧೀನ ಮುಗಿದ ಮೇಲೆ ಎಚ್ಚೆತ್ತರೆ ಪರಿಹಾರದ ಹಣ ಕೊಂಡವನ ಕೈ ಸೇರಿರುತ್ತೆ.

2013ರ ಭೂಸ್ವಾಧೀನ ಕಾಯ್ದೆ ನಮ್ಮ ಪರವಾಗಿ ಮೂರು ಮಾತು ಹೇಳುತ್ತೆ. ಒಂದು, ಮೂರು ವರ್ಷದಿಂದ ಆ ಜಾಗದಲ್ಲಿ ದುಡಿದು ಬದುಕುವ ಭೂಹೀನ ಕೂಲಿಯೂ ಬಾಧಿತ ಕುಟುಂಬವೇ. ಎರಡು, ಯಾವುದೇ ಯೋಜನೆಯಲ್ಲಿ ಭೂಮಿ ಕಳಕೊಂಡ ಪರಿಶಿಷ್ಟ ಜಾತಿ, ಪಂಗಡದವರಿಗೆ ಕಳಕೊಂಡಷ್ಟು ಅಥವಾ ಎರಡೂವರೆ ಎಕರೆ, ಯಾವುದು ಕಡಿಮೆಯೋ ಅಷ್ಟು ಬದಲಿ ಭೂಮಿ ಕೊಡಬೇಕು. ಮೂರು, ಯೋಜನೆಯಲ್ಲಿ ಕೆಲಸ ಹುಟ್ಟಿದರೆ ಮನೆಗೊಂದು ಕೆಲಸ, ಇಲ್ಲವಾದರೆ 5 ಲಕ್ಷ ರೂಪಾಯಿ, ಅದೂ ಬೇಡ ಅಂದರೆ ತಿಂಗಳಿಗೆ 2,000 ರೂಪಾಯಿಯಂತೆ 20 ವರ್ಷ. ಆದರೆ ನಮ್ಮ ರಾಜ್ಯದಲ್ಲಿ ಕೆಐಎಡಿಬಿ ಮೂಲಕ 1966ರ ಕಾಯ್ದೆಯಡಿ ಭೂಮಿ ತಗೊಳ್ಳುವ ಅಡ್ಡದಾರಿ ಇದೆ. ಆ ದಾರಿಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನವೇ ಬೇಕಿಲ್ಲ. ದೇವನಹಳ್ಳಿ ನಿಲ್ದಾಣದ ಸುತ್ತ ನಡೆದದ್ದು ಗೊತ್ತಲ್ಲ? ಮೊದಲು ನಿಲ್ದಾಣ, ಆಮೇಲೆ ಅದರ ಹೆಸರಲ್ಲಿ ಏರೋಸ್ಪೇಸ್ ಪಾರ್ಕು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಉಳಿಸಿಕೊಳ್ಳೋಕೆ ಹದಿಮೂರು ಹಳ್ಳಿಯ ಜನ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂರಬೇಕಾಯ್ತು. 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ನಾಳೆ ಮಂಡಕಳ್ಳಿ ಸುತ್ತ ಇದೇ ಆದರೆ?

ಇನ್ನು ಕೆಲಸದ ಮಾತು. ಮೈಸೂರು ನಿಲ್ದಾಣ ಇವತ್ತು ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಅಲ್ಲಿ ಮೀಸಲಾತಿ ಇದೆ. ಮಂಗಳೂರು ನಿಲ್ದಾಣ 2020ರಲ್ಲಿ 50 ವರ್ಷಕ್ಕೆ ಅದಾನಿ ಕಂಪನಿಗೆ ಹೋಯ್ತು. 2021ರಲ್ಲಿ ಕೇಂದ್ರ ಪ್ರಕಟಿಸಿದ ಖಾಸಗಿ ಗುತ್ತಿಗೆಯ ಪಟ್ಟಿಯಲ್ಲಿ ಹುಬ್ಬಳ್ಳಿಯ ಹೆಸರೂ ಇದೆ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಹೋದ ದಿನವೇ ಅಲ್ಲಿ ಹೊಸ ನೇಮಕಾತಿಗೆ ಮೀಸಲಾತಿ ಇಲ್ಲದಂತಾಯ್ತು. ಮೈಸೂರಿನ ರನ್‌ವೇಯನ್ನ ಜನರ ದುಡ್ಡಲ್ಲಿ ಉದ್ದ ಮಾಡಿ, ಲಾಭ ಬರುವಾಗ ಇನ್ನೊಬ್ಬರ ಕೈಗೆ ಕೊಟ್ಟರೆ, ಭೂಮಿ ಕೊಟ್ಟವರ ಮಕ್ಕಳಿಗೆ ಉಳಿಯೋದು ಗುತ್ತಿಗೆಯ ಕಸ ಗುಡಿಸುವ ಕೆಲಸ, ಅಷ್ಟೇ.

ಬಾಬಾಸಾಹೇಬರನ್ನ ಬರೀ ಸಂವಿಧಾನಕ್ಕೆ ಸೀಮಿತ ಮಾಡಿಟ್ಟಿದ್ದೇವೆ. 1942ರಿಂದ 46ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ನೀರು, ವಿದ್ಯುತ್ ಯೋಜನೆಗಳು ಅವರ ಕೈಯಲ್ಲಿದ್ದವು. ದಾಮೋದರ ಕಣಿವೆ ಯೋಜನೆಗೆ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರು. 1947ರಲ್ಲಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಬರೆದಾಗ ಮೂಲ ಉದ್ಯಮಗಳು ರಾಜ್ಯದ ಒಡೆತನದಲ್ಲೇ ಇರಬೇಕು ಅಂದರು. ಯೋಜನೆ ಬೇಡ ಅಂದವರಲ್ಲ ಅವರು. ಯಾರಿಗಾಗಿ ಅಂತ ಕೇಳಿದವರು.

ಆದ್ದರಿಂದ ನಮ್ಮ ಬೇಡಿಕೆ ಹೀಗಿರಲಿ:

1. ವಿಸ್ತರಣೆಯ ಭೂಮಿಗೆ 2013ರ ಕಾಯ್ದೆಯ ಪುನರ್ವಸತಿ ಪೂರ್ತಿ ಅನ್ವಯವಾಗಲಿ. ಭೂಹೀನ ಕೂಲಿ ಕುಟುಂಬಗಳ ಪಟ್ಟಿ ಗ್ರಾಮಸಭೆಯಲ್ಲಿ ಓದಲಿ.
2. ಪರಿಹಾರ ಹಂಚುವ ಮೊದಲು ಮಂಜೂರಾತಿ ಜಮೀನುಗಳ ಪಿಟಿಸಿಎಲ್ ಪರಿಶೀಲನೆ ಮುಗಿಯಲಿ.
3. ನಿಲ್ದಾಣ ಮುಂದೆ ಯಾರ ಕೈಗೇ ಹೋದರೂ ಮೀಸಲಾತಿ, ಸ್ಥಳೀಯರ ಕೆಲಸ ಒಪ್ಪಂದದ ಷರತ್ತಾಗಿರಲಿ.
4. ಹತ್ತು ವರ್ಷ ಬಳಸದ ಭೂಮಿ ಏನಾಗಬೇಕು ಅನ್ನೋದನ್ನ ಈಗಲೇ ಬರೆಯಲಿ.

ನಾನು ಕಚೇರಿಯಲ್ಲಿ ಕಡತ ನೋಡುವವನು. ಮೊದಲ ಟಿಪ್ಪಣಿಯಲ್ಲಿ ಇಲ್ಲದ್ದು ಕೊನೆಯ ಆದೇಶದಲ್ಲಿ ಬರೋದು ನಾನು ಕಂಡದ್ದು ಬಹಳ ಕಡಿಮೆ. ಅದಕ್ಕೇ ಈಗಲೇ ಹೇಳ್ತಿದ್ದೇನೆ.

ನಿಲ್ದಾಣಕ್ಕೆ ಯಾರ ಹೆಸರು ಅನ್ನೋ ಜಗಳ ವಿಧಾನಸಭೆಯವರೆಗೂ ಹೋಗಿದೆ. ಹೆಸರು ಯಾವುದಾದರೂ ಇಡಲಿ. ಪ್ರಬುದ್ಧ ಯೋಜನೆಯಲ್ಲಿ ವಿದೇಶಕ್ಕೆ ಓದೋಕೆ ಹೋಗುವ ನಮ್ಮ ಮಕ್ಕಳೂ ಒಂದು ದಿನ ಮಂಡಕಳ್ಳಿಯಿಂದಲೇ ಹಾರಲಿ. ಆ ರನ್‌ವೇ ಕೆಳಗೆ ಅವರ ಅಜ್ಜಿ ದುಡಿದ ಹೊಲ ಇತ್ತು ಅನ್ನೋದು ಕಡತದಲ್ಲಿ ಬರೆದಿರಲಿ, ಅದರ ಋಣವೂ ತೀರಿರಲಿ.

ಮಂಡಕಳ್ಳಿ ಸುತ್ತಮುತ್ತಲ ಗೆಳೆಯರು ನಿಮ್ಮೂರಿನ ಗ್ರಾಮಸಭೆಯಲ್ಲಿ ಈ ನಾಲ್ಕು ಮಾತು ಎತ್ತಿ. ಉಳಿದವರು ಹಂಚಿಕೊಳ್ಳಿ.

ಜೈಭೀಮ್.